ಯಾರೂ ನೋಡದ ಹತ್ತು ನಿಮಿಷ

ತಾಂಬಾದ ಅರ್ಧ ಊರು ಸೂಲಗಿತ್ತಿ ದುರ್ಗವ್ವನ ಕೈಯಲ್ಲೇ ಹುಟ್ಟಿದ್ದು. ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ, ಪಂಚಾಯಿತಿಗೆ ಸರಕಾರದ ಉಪಗ್ರಹ ಟೀವಿ ಬಂದ ಹೊಸತರಲ್ಲಿ, ಟೀವಿಯವರು ಜೀಪಿನಲ್ಲಿ ಬಂದರು. ಬಾನಾಮತಿ ಸುಳ್ಳೆಂದು ತೋರಿಸುವ ಚಿತ್ರವಂತೆ; ದೆವ್ವ-ಮಾಟಗಳ ಗುಟ್ಟು ಬಯಲು ಮಾಡುವ ಪತ್ತೇದಾರನೇ ನಾಯಕ. ಊರವರು ಮಾಟಗಾತಿಯೆಂದು ದೂರುವ ಮುದುಕಿಯ ಪಾತ್ರಕ್ಕೆ ದುರ್ಗವ್ವನೇ ಬೇಕೆಂದರು.

"ನಾ ಒಲ್ಲೆರಿ ಮಾಸ್ತರ. ಆಮ್ಯಾಲ ನನ್ನ ಹೆರಿಗಿಗೆ ಯಾರ್ ಕರೀತಾರ?"

"ಕಡೀಗೆ ಪತ್ತೇದಾರ ನಿನ್ನ ಕಾಲಿಗೆ ಬೀಳ್ತಾನಬೇ," ಎಂದ ಗುರುಲಿಂಗಪ್ಪ ಮಾಸ್ತರರು ಥೇಟ್ ಬೆಂಗಳೂರಿನ ದನಿ ತೆಗೆದು, "'ತಾಯೀ, ನೀವು ನಿರಪರಾಧಿ!'" ಎಂದು ಅಡ್ಡಬಿದ್ದರು. ದುರ್ಗವ್ವ ನಕ್ಕಳು. ನಕ್ಕಿದ್ದೇ ಒಪ್ಪಿಗೆಯಾಯಿತು.

ಪ್ರಸಾರದ ಸಂಜೆ ಪಂಚಾಯಿತಿ ಅಂಗಳ ಕಿಕ್ಕಿರಿಯಿತು. ಟೀವಿಗಿಂತ ಅದರ ಬೀಗದ ಕೈ ಹಿಡಿದ ಬಾಬುಲಾಲನ ಠೀವಿಯೇ ದೊಡ್ಡದು. ಪರದೆಯ ಮೇಲೆ ದುರ್ಗವ್ವ ಕೂದಲು ಕೆದರಿ ನಿಂಬೆಹಣ್ಣು ಕೊಯ್ದಳು. ಚಿತ್ರದ ತೊಟ್ಟಿಲ ಕೂಸು ಕಿಟಾರನೆ ಚೀರಿತು. ಅಂಗಳದ ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಪತ್ತೇದಾರ ಬಂದು ಬಾಗಿಲು ತಟ್ಟಿದ. ಕರೆಂಟು ಹೋಯಿತು. ಮರಳಿ ಬಂದಾಗ ಟೀವಿಯಲ್ಲಿ ಗೊಬ್ಬರದ ಮಾತು ನಡೆದಿತ್ತು.

"ಉಳಿದ ಹತ್ತು ನಿಮಿಷ ಯಾವಾಗ್ರಿ?" ಎಂದು ದುರ್ಗವ್ವ ಕೇಳಿದಳು.

"ಒಮ್ಮೆ ತೋರ್ಸಿದ್ದು ಮತ್ತ ತೋರ್ಸಂಗಿಲ್ಲಬೇ," ಎಂದು ಬಾಬುಲಾಲ ಬೀಗ ಜಡಿದ.

ಎದುರು ಮನೆಯ ಶೇವಂತೆವ್ವನ ಸೊಸೆಗೆ ದಿನ ತುಂಬಿತ್ತು. ದುರ್ಗವ್ವ ನೋಡಲು ಹೋದರೆ "ಮಲಗ್ಯಾಳ" ಎಂಬ ಉತ್ತರ ಬಾಗಿಲಲ್ಲೇ ಸಿಕ್ಕಿತು. ಮೂರು ದಿನವೂ ಸೊಸೆ ಮಲಗಿಯೇ ಇದ್ದಳು.

ದುರ್ಗವ್ವ ಮಾಸ್ತರರನ್ನು ಹಿಡಿದಳು. ಅವರು ಕಟ್ಟೆ ಹತ್ತಿ ಉಳಿದ ಕತೆಯನ್ನು ಆಡಿ ತೋರಿಸಿದರು: ಪತ್ತೇದಾರ, ಗೌಡ, ಜೀಪಿನ ಹಾರನ್ನು, ಕೊನೆಗೆ ದುರ್ಗವ್ವನ ಆನಂದದ ಅಳು. ಜನ ಹೊಟ್ಟೆ ಹಿಡಿದು ನಕ್ಕರು.

"ಮಾಸ್ತರ, ಆ ನಿಂಬಿಹಣ್ಣು ಕೊಯ್ಯೂದೂ ಒಮ್ಮೆ ಮಾಡ್ರೀ!" ಎಂದಳು ಶೇವಂತೆವ್ವ.

ಮಾಸ್ತರರು ಮಾಡಿದರು. ಚಪ್ಪಾಳೆಯೂ ಬಿತ್ತು.

ಮರುದಿನ ಮಧ್ಯಾಹ್ನ ಸೊಸೆಗೆ ಬೇನೆ ಬಂತು. ಶೇವಂತೆವ್ವ ಅವಳನ್ನು ಬಂಡಿಯಲ್ಲಿ ಹಾಕಿಕೊಂಡು ದೂರದ ಇಂಡಿ ಪಟ್ಟಣದ ದವಾಖಾನೆಗೆ ಹೊರಟಳು. ಚೀರಾಟ ಕೇಳಿದ ದುರ್ಗವ್ವ ಓಡಿಹೋಗಿ ಎತ್ತುಗಳಿಗೆ ಅಡ್ಡ ನಿಂತಳು.

"ಇಂಡಿ ಮುಟ್ಟೂತನಕ ತಡಿಯಂಗಿಲ್ಲ, ಇಳಸ! ನಿನ್ನ ಮಗನ್ನ ಹಡಸಿದಾಕಿ ನಾನ ಅಲ್ಲೇನ?"

"ಹೌದವಾ, ನೀನ," ಎಂದಳು ಶೇವಂತೆವ್ವ. "ಅಂವ ಕುಂಟ ಯಾಕ ಹುಟ್ಟಿದ ಅಂತ ನನಗ ಈಗ ತಿಳೀತು."

ಹಗ್ಗ ಹಿಡಿದು ಕೂತಿದ್ದ ಮಗ ತನ್ನ ಕಾಲನ್ನೊಮ್ಮೆ ನೋಡಿಕೊಂಡ. ಆಮೇಲೆ ದುರ್ಗವ್ವನ ಮುಖ ನೋಡಿದ. ಎತ್ತುಗಳನ್ನು ಬದಿಗೆ ತಿರುಗಿಸಿ, ಅವಳನ್ನು ಬಳಸಿಕೊಂಡು ಇಂಡಿಯ ಕಡೆ ಬಂಡಿ ಹೊಡೆದ.