ಖಾಲಿ ಮಾಳಿಗೆ

"ಮಾಳಿಗೆ ಖಾಲಿನೇ ಐತ್ರಿ, ಏನ್ ಬೇಕಾದ್ರೂ ಹಾಕ್ಕೊಳ್ರಿ" ಎಂದು ಜಂಬಯ್ಯ, ಅಳತೆಗೆ ಹೋದ ನಮ್ಮ ಕಚೇರಿಯ ಹನುಮೇಶನಿಗೆ ಹೇಳಿದರಂತೆ. ಹನುಮೇಶ ಹತ್ತಿ ನೋಡಿದನಂತೆ, ಖಾಲಿಯೇ ಇತ್ತಂತೆ. ಒಂದು ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಅಷ್ಟೇ. ಅಳತೆ ತೆಗೆದುಕೊಂಡ, ಫೋಟೊ ಹೊಡೆದ, ಟೀ ಕುಡಿದು ಹರಿಹರದಿಂದ ದಾವಣಗೆರೆಗೆ ವಾಪಸು ಬಂದ. ಟೀ ಮಾಡಿ ಕೊಟ್ಟ ಹೆಂಗಸನ್ನು ಒಂದು ಮಾತು ಕೇಳಬೇಕು ಅಂತ ಆ ಮಹಾಶಯನಿಗೆ ಹೊಳೆಯಲೇ ಇಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮದು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಒಂದು ಸಣ್ಣ ಕಚೇರಿ. ಬೇಸಿಗೆಯಲ್ಲಿ ಬೇಯುವ ಮನೆಯನ್ನು ತಂಪು ಮಾಡುವುದು, ಕರೆಂಟ್ ಬಿಲ್ಲು ಇಳಿಸುವುದು ನಮ್ಮ ಕೆಲಸ. ಮಾಳಿಗೆಗೆ ಬಿಸಿಲು ತಡೆಯುವ ಬಿಳಿ ಬಣ್ಣ, ಸೋಲಾರ್ ಪ್ಯಾನೆಲ್ಲು, ನೀರು ಕಾಯಿಸುವ ಸೋಲಾರು, ಕಡಿಮೆ ಕರೆಂಟ್ ತಿನ್ನುವ ಫ್ಯಾನು, ಹೊಸ ವೈರಿಂಗು, ಎಲ್ಲಾ ಒಂದೇ ಕಡೆ. ಬ್ಯಾಂಕಿಗೆ, ಸಬ್ಸಿಡಿಗೆ, ಕರೆಂಟ್ ಆಫೀಸಿಗೆ ಮನೆಯವರು ಅಲೆಯಬೇಕಾಗಿಲ್ಲ, ಅವರ ಬದಲು ನಾನು ಅಲೆಯುತ್ತೇನೆ. 'ಒಂದು ಫೋನ್ ಮಾಡಿ, ಉಳಿದದ್ದು ನಮಗೆ ಬಿಡಿ' ಎಂದು ನಮ್ಮ ಬಾಸ್ ಕೊಟ್ಟೂರೇಶ್ ಆಟೋಗಳ ಹಿಂದೆ ಬರೆಸಿದ್ದಾರೆ. ಈ ಕೆಲಸದ ಮೇಲೆ ನನಗೆ ನಂಬಿಕೆಯಿದೆ. ಏಪ್ರಿಲ್ ತಿಂಗಳಲ್ಲಿ ಆರ್‌ಸಿಸಿ ಸೂರಿನ ಕೆಳಗೆ ಮಲಗಿ ಎದ್ದವರಿಗೆ ಅದರ ಬೆಲೆ ಗೊತ್ತು. ಆದರೆ 'ಉಳಿದದ್ದು ನಮಗೆ ಬಿಡಿ' ಎಂದರೆ ಗಂಡಸರು ಎಷ್ಟು ಬೇಗ ಬಿಟ್ಟುಬಿಡುತ್ತಾರೆಂದರೆ, ಮನೆಯಲ್ಲಿ ಇನ್ನೊಂದು ಜೀವ ಇದೆ ಎಂಬುದೂ ಅದರ ಜೊತೆಗೇ ಬಿಟ್ಟುಹೋಗುತ್ತದೆ.

ಹರಿಹರದ ಆ ಮನೆ ಇರುವುದು ಜಂಬಯ್ಯನ ಹೆಂಡತಿ ಕೆಂಚಕ್ಕನ ಹೆಸರಿನಲ್ಲಿ. ಇದೇನು ಗುಟ್ಟಲ್ಲ. ಸೈಟು ಕೊಳ್ಳುವಾಗ ಕೊಕ್ಕನೂರಿನ ತವರಿನವರು ಕೈಜೋಡಿಸಿದ್ದರು, ಹೆಸರು ತಂಗಿಯದೇ ಇರಲಿ ಎಂದು ಅಣ್ಣ ಬೊಮ್ಮಣ್ಣ ಹಟ ಹಿಡಿದಿದ್ದ. ಹಾಗಾಗಿ ನಮ್ಮ ಅರ್ಜಿಗೂ ಆಕೆಯೇ ಸಹಿ ಹಾಕಬೇಕಿತ್ತು. ಜಂಬಯ್ಯ ಕಾಗದ ಹಿಡಿದು ಅಡುಗೆಮನೆಗೆ ಹೋದರು, ಆಕೆ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬೆರಳು ತೋರಿಸಿದಲ್ಲಿ ಸಹಿ ಹಾಕಿದರು, ಹನುಮೇಶ ಪಡಸಾಲೆಯಲ್ಲಿ ಕೂತೇ ಇದ್ದ. ನಮ್ಮ ಲೆಕ್ಕದಲ್ಲಿ ಮಾಲೀಕರ ಒಪ್ಪಿಗೆ ಸಿಕ್ಕಿತು.

ಕೆಲಸ ಶುರುವಾಗುವ ದಿನ ನಾನು ಅಲ್ಲಿರಬೇಕು. ಸ್ಕೂಟಿಯಲ್ಲಿ ಹರಿಹರ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಬಾಗಿಲಲ್ಲಿ ಲಗೇಜ್ ಆಟೋ ನಿಂತಿತ್ತು. ನಮ್ಮ ಕೆಲಸದವರು ಕಬ್ಬಿಣದ ಪಟ್ಟಿ ಹೊತ್ತು ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತಿದ್ದರು. ಮೇಲಕ್ಕೂ ಹೋಗುತ್ತಿಲ್ಲ, ಕೆಳಕ್ಕೂ ಬರುತ್ತಿಲ್ಲ. ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ ಜಂಬಯ್ಯ ಬರಿಗಾಲಲ್ಲಿ ನಿಂತು, ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡು ಹೆಂಡತಿಯನ್ನು ಬೈಯುತ್ತಿದ್ದರು. ಬೈಯುವವರು ಎದುರಿಗೆ ಹೋಗಿ ಬೈಯಬಾರದೇ ಎಂದುಕೊಳ್ಳುತ್ತಾ ನಾನು ಎಲ್ಲರನ್ನೂ ಸರಿಸಿ ಮೇಲೆ ಹೋದೆ.

ಮಾಳಿಗೆ ತುಂಬಾ ಸಂಡಿಗೆ. ಹಳೇ ಪಂಚೆಗಳ ಮೇಲೆ ಅಕ್ಕಿ ಸಂಡಿಗೆ, ಸೀರೆಯ ಮೇಲೆ ಬೂದುಗುಂಬಳದ ಸಂಡಿಗೆ, ಟ್ಯಾಂಕಿನ ಪಕ್ಕ ಮಜ್ಜಿಗೆ ಮೆಣಸಿನಕಾಯಿ, ಕಾಗೆ ಬೆದರಿಸಲು ಕೋಲಿಗೆ ಕಟ್ಟಿದ ಕಪ್ಪು ಬಟ್ಟೆ. ಕಾಲಿಡಲು ಅಂಚಿನಲ್ಲಿ ಒಂದಿಷ್ಟು ಜಾಗ. ಕೆಂಚಕ್ಕ ಕುಕ್ಕರಗಾಲಲ್ಲಿ ಕೂತು ಸೌಟಿನಿಂದ ಬಿಸಿ ಹಿಟ್ಟು ಬಿಡುತ್ತಿದ್ದರು. ಪಕ್ಕದ ಮನೆಯ ನಿರ್ಮಲಮ್ಮ ಪಾತ್ರೆ ಹಿಡಿದು ಹಿಂದೆ ಹಿಂದೆ ಸರಿಯುತ್ತಿದ್ದರು. ಗಂಡ ಬೈಯುವುದು ಕೇಳಿಸುತ್ತಿಲ್ಲವೇನೋ ಎಂಬಂತೆ ಆಕೆಯ ಕೈ ನಡೆದೇ ಇತ್ತು.

ಆ ಮನೆಯ ರೂಢಿಯನ್ನು ನಿರ್ಮಲಮ್ಮ ನನಗೆ ಬಿಡಿಸಿ ಹೇಳಿದರು. ಸಂಡಿಗೆ ಹಸಿ ಇರುವಾಗ ಗಂಡಸರು ಮಾಳಿಗೆಗೆ ಬರುವಂತಿಲ್ಲ. ಅವರ ಕಣ್ಣು ಬಿದ್ದರೆ ಕರಿದಾಗ ಅರಳುವುದಿಲ್ಲವಂತೆ. ಜಂಬಯ್ಯನ ತಾಯಿ ಮಾಡಿಟ್ಟ ಕಟ್ಟಳೆ. ಬಿಸಿಲು ಇಳಿಯುವ ಮುಂಚೆ ಎಲ್ಲಾ ಮಡಚಿ ಕೆಳಗಿಳಿಸಿ, ಕಸ ಗುಡಿಸಿ, ನೀರು ಚಿಮುಕಿಸಬೇಕು. ಫ್ಯಾಕ್ಟರಿಯಿಂದ ಬಂದ ಜಂಬಯ್ಯ ಸಂಜೆ ಗಾಳಿಗೆಂದು ಮೇಲೆ ಹೋದರೆ ಮಾಳಿಗೆ ಬೋಳು. ಹನುಮೇಶ ಹೋದದ್ದೂ ಸಂಜೆಯೇ. ಮದುವೆಯಾದಾಗಿನಿಂದ ಈ ಮನುಷ್ಯ ಹೆಂಡತಿ ದುಡಿಯುವ ಜಾಗವನ್ನು ಬೇಸಿಗೆಯ ಹಗಲಲ್ಲಿ ಒಮ್ಮೆಯೂ ನೋಡಿಲ್ಲ. ನೋಡದ್ದಕ್ಕೆ ಖಾಲಿ ಎಂದು ಹೆಸರಿಟ್ಟು ನಮಗೆ ಒಪ್ಪಿಸಿಬಿಟ್ಟಿದ್ದರು.

ಶಿವರಾತ್ರಿ ಕಳೆದ ಮೇಲೆ ಮುಂಗಾರು ಹತ್ತಿರವಾಗುವ ತನಕ ಕೆಂಚಕ್ಕ ಮಾಡುವ ಸಂಡಿಗೆ ದಾವಣಗೆರೆಯ ಖಾನಾವಳಿಗಳಿಗೆ ಹೋಗುತ್ತದೆ. ಮಗಳು ಲತಾ ನರ್ಸಿಂಗ್ ಓದುತ್ತಿರುವುದು ಇದರ ಮೇಲೆ. ಜಂಬಯ್ಯ ಇದನ್ನು ಟೈಂ ಪಾಸು ಎನ್ನುತ್ತಾರಂತೆ.

ಸೋಲಾರ್ ಬರುತ್ತದೆಂದು ಆಕೆಗೆ ಗೊತ್ತಿತ್ತು. ಟ್ಯಾಂಕಿನ ಪಕ್ಕ ನೀರು ಕಾಯಿಸುವ ಒಂದು ಡಬ್ಬಿ ಇಡುತ್ತಾರೆ ಎಂದುಕೊಂಡಿದ್ದರು. ನಾನು ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದೆ. ಮಾಳಿಗೆಯ ಈ ತುದಿಯಿಂದ ಆ ತುದಿಗೆ ನೀಲಿ ಪ್ಯಾನೆಲ್ಲುಗಳು. ಕೆಂಚಕ್ಕ ಬಹಳ ಹೊತ್ತು ನೋಡಿದರು. ಬಿಸಿಲು ಎಲ್ಲಿ ಬೀಳುತ್ತದೆ ಎಂದು ಕೇಳಿದರು. ಎಲ್ಲಾ ಪ್ಯಾನೆಲ್ಲುಗಳ ಮೇಲೇ ಬೀಳುತ್ತದೆ ಎಂದೆ.

"ಹಂಗಾರೆ ನನಗ ಬಿಸಿಲೇ ಇರಂಗಿಲ್ಲ" ಎಂದರು.

ಕೊಟ್ಟೂರೇಶ್ ಅವರಿಗೆ ಫೋನ್ ಮಾಡಿದೆ. ಅದಕ್ಕೇನಂತೆ, ಕಂಬ ಎತ್ತರಿಸಿ ಹಾಕಿ, ಹೆಣ್ಣುಮಕ್ಕಳು ಕೆಳಗೆ ನೆರಳಲ್ಲಿ ಕೂತು ಹಾಯಾಗಿ ಸಂಡಿಗೆ ಮಾಡಲಿ ಎಂದರು. ನೆರಳಲ್ಲಿ ಸಂಡಿಗೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ ಎಂದೆ. ಬೆಣ್ಣೆದೋಸೆ ತಿಂದು ಬೆಳೆದ ಆ ಮನುಷ್ಯನಿಗೆ ಇದನ್ನೂ ಹೇಳಿಕೊಡಬೇಕಾಯಿತು. ಮಾಲೀಕರು ಒಪ್ಪಿಯಾಗಿದೆಯಲ್ಲ ಎಂದರು. ಮಾಲೀಕರು ಅಂದರೆ ಯಾರು ಸರ್ ಎಂದು ಕೇಳಿದೆ. ಇವತ್ತು ಕೆಲಸ ನಿಂತರೆ ನಾಳೆಯಿಂದ ನೀನು ಬರುವುದು ಬೇಡ ಎಂದು ಫೋನ್ ಇಟ್ಟರು.

ಆದರೂ ಜಂಬಯ್ಯನ ಹತ್ತಿರ ಮೆತ್ತಗೇ ಮಾತಾಡಿದೆ. ಮೆಟ್ಟಿಲ ಗೂಡಿನ ನೆತ್ತಿಯ ಮೇಲೆ ನಾಲ್ಕೈದು ಪ್ಯಾನೆಲ್ಲು ಕೂರಿಸಬಹುದು. ಸಂಡಿಗೆ ಕಾಲ ಮುಗಿದ ಮೇಲೆ, ಮಳೆಗೆ ಮುಂಚೆ, ಉಳಿದ ಮಾಳಿಗೆಗೆ ಬಿಳಿ ಬಣ್ಣ ಹೊಡೆದರೆ ಕೆಳಗಿನ ಕೋಣೆ ತಂಪಾಗುತ್ತದೆ. ಬಿಲ್ಲು ಸೊನ್ನೆ ಆಗದಿದ್ದರೂ ಇಳಿಯುತ್ತದೆ. ಆದರೆ ಅವರು ಫ್ಯಾಕ್ಟರಿಯಲ್ಲಿ ಶಿಫ್ಟಿನವರಿಗೆಲ್ಲ ಬಿಲ್ಲು ಸೊನ್ನೆ ಎಂದು ಹೇಳಿಕೊಂಡು ಬಂದಿದ್ದರು. ಸಂಡಿಗೆ ಬೇಕಾದರೆ ಅಂಗಡಿಯಲ್ಲಿ ಸಿಗುತ್ತದೆ ಎಂದರು. ಈ ವಯಸ್ಸಿಗೆ ಆಕೆ ಯಾರಿಗೆ ದುಡಿದು ಹಾಕಬೇಕು ಎಂದರು. ಮಗಳ ಓದಿನ ಮಾತು ನಾನು ಎತ್ತಿದೆ. ಅವರಿಗೆ ಕೇಳಿಸಲಿಲ್ಲ.

"ಎಷ್ಟೊತ್ತು ಕಾಯಿಸ್ತೀಯಲೇ? ತೆಗಿ ಅವನ್ನ" ಎಂದು ಗೋಡೆಗೆ ಕೂಗಿದರು.

ಕೆಂಚಕ್ಕ ಮತ್ತೊಂದು ಸೌಟು ಬಿಟ್ಟರು.

ಆಗ ಜಂಬಯ್ಯ ಮುಂದಿದ್ದವನ ಕೈಯಿಂದ ಕಬ್ಬಿಣದ ಪಟ್ಟಿ ಕಿತ್ತುಕೊಂಡು ಮಾಳಿಗೆಗೆ ಕಾಲಿಟ್ಟರು. ಅಂಚಿನಲ್ಲಿ ಬರಲಿಲ್ಲ. ಪಂಚೆಗಳ ಮೇಲೆ, ಹಸಿ ಸಂಡಿಗೆಯ ಮೇಲೆ, ದಬದಬ ತುಳಿಯುತ್ತಾ ನಟ್ಟನಡುವಿಗೆ ಹೋಗಿ ಪಟ್ಟಿಯನ್ನು ಧೊಪ್ಪೆಂದು ಎಸೆದರು. ನಿರ್ಮಲಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಸತ್ತ ತಾಯಿಯ ಮಾತು ಮುರಿದೆನಲ್ಲ ಎಂಬ ಅಳುಕು ಜಂಬಯ್ಯನ ಮುಖದಲ್ಲಿ ಒಂದು ಗಳಿಗೆ ಕಂಡಿತು. ಹೆಂಡತಿಯ ದುಡಿಮೆ ತುಳಿದೆನಲ್ಲ ಎಂಬುದರ ಸುಳಿವೂ ಇರಲಿಲ್ಲ. ಇಲ್ಲಿಂದ ಮುಂದೆ ಈ ಮನುಷ್ಯನಿಗೆ ಬಹುವಚನ ಹಾಕುವುದು ನನ್ನಿಂದ ಆಗದು.

ಕೆಂಚಕ್ಕ ಸೌಟು ಕೆಳಗಿಟ್ಟರು.

"ಎಲ್ಲಾ ಕೆಳಗ ಇಳಿಸ್ರಿ. ನನಗ ಬ್ಯಾಡ" ಎಂದು ಕೆಲಸದವರಿಗೆ ಹೇಳಿದರು. ದನಿ ಏರಲಿಲ್ಲ. ಕೆಲಸದವರು ಜಂಬಯ್ಯನ ಮುಖ ನೋಡಿದರು. ಇಳಿಸಿ ಎಂದು ನಾನೂ ಹೇಳಿದೆ. ಮತ್ತೆ ಜಂಬಯ್ಯನ ಮುಖವನ್ನೇ ನೋಡಿದರು. ನನ್ನ ತಾಳ್ಮೆ ಅಲ್ಲಿಗೆ ಹರಿಯಿತು.

"ಯಾರ ಮಾರಿ ನೋಡ್ತೀರಿ? ಮನಿ ಅವರದು. ಅವರು ಬ್ಯಾಡ ಅಂದ್ರು, ಮುಗೀತು. ಇಳೀರಿ" ಎಂದೆ. ನನ್ನ ದನಿ ಬೀದಿಯ ತನಕ ಹೋಗಿರಬೇಕು. ಒಬ್ಬ ತಿರುಗಿದ, ಹಿಂದೆಯೇ ಉಳಿದವರೂ ತಿರುಗಿದರು, ಕಬ್ಬಿಣ ಗೋಡೆಗೆ ಬಡಿಯುತ್ತಾ ಕೆಳಗಿಳಿಯಿತು.

ಜಂಬಯ್ಯ ಅಲ್ಲಿಂದಲೇ, ನಿಮ್ಮ ಬಾಸಿಗೆ ಹೇಳುತ್ತೇನೆ ಎಂದ. ಹೇಳು ಎಂದೆ. ಅವನ ಎದುರಿಗೇ ಕರೆಂಟ್ ಆಫೀಸಿಗೆ ಫೋನ್ ಹಚ್ಚಿ, ಅರ್ಜಿ ಹಾಕಿದವರು ಮಾತಾಡುತ್ತಾರೆ ಎಂದು ಕೆಂಚಕ್ಕನ ಬಾಯಿಯ ಹತ್ತಿರ ಹಿಡಿದೆ. ಆಕೆ ತನ್ನ ಹೆಸರು, ತಂದೆಯ ಹೆಸರು, ಊರು ಎಲ್ಲ ಹೇಳಿ, ಅರ್ಜಿ ಸದ್ಯ ನಿಲ್ಲಿಸಿ, ಮಳೆಗೆ ಮುಂಚೆ ಬೇರೆ ಹಾಕಿಸುತ್ತೇನೆ ಎಂದರು. ಗಂಡನ ಹೆಸರು ಹೇಳಲಿಲ್ಲ.

ನನ್ನನ್ನು ಹೊಗಳುತ್ತಾರೆಂದು ನಾನೇನೂ ಕಾದಿರಲಿಲ್ಲ. ಆಕೆ ನನ್ನ ಕಡೆ ತಿರುಗಿದರು.

"ನಿಮ್ಮ ಹುಡುಗ ಬಂದಾಗ ನಾನು ಎಲ್ಲಿಗೂ ಹೋಗಿರಲಿಲ್ಲ ಮೇಡಂ, ಮನ್ಯಾಗೇ ಇದ್ದೆ. ನನ್ನ ಮನಿ ನನ್ನ ಬಿಟ್ಟು ರಿಪೇರಿ ಮಾಡಾಕ ಬಂದ್ರಲ್ಲ, ನಿಮಗೂ ಅದೇ ಬುದ್ಧಿ."

ಫೋನಿನಲ್ಲಿದ್ದ ನಕ್ಷೆಯನ್ನು ಅಳಿಸಿಹಾಕಿದೆ.

ಜಂಬಯ್ಯ ವಾಪಸು ಬರಲು ಕಾಲೆತ್ತಿದ. ಪಾದಕ್ಕೆ ಹಿಟ್ಟು ಮೆತ್ತಿತ್ತು, ಮೆಟ್ಟಿಲ ಕಡೆಗೆ ಅವನೇ ತುಳಿದು ಮಾಡಿದ ದಾರಿಯಿತ್ತು.

"ಅಲ್ಲೇ ನಿಲ್ರಿ" ಎಂದರು ಕೆಂಚಕ್ಕ. "ಒಣಗೋತನಕ ಇನ್ನೊಂದು ಹೆಜ್ಜಿ ಇಟ್ಟೀರಿ ಅಂದ್ರೆ ಈ ಮನಿ ಮೆಟ್ಟಿಲು ಮತ್ತ ಹತ್ತಬ್ಯಾಡ್ರಿ."

ಅವನು ಏನೋ ಅನ್ನಲು ಬಾಯಿ ತೆರೆದ. ಆಕೆ ಆಗಲೇ ತುಳಿದ ಸಂಡಿಗೆಯನ್ನು ಅಂಗೈಯಿಂದ ಬಳಿದು ಬುಟ್ಟಿಗೆ ಹಾಕುತ್ತಿದ್ದರು. ಬಳಿದ ಪಂಚೆಯ ಮೇಲೆ ಹೊಸ ಪಂಚೆ ಹಾಸಿದರು. ನಿರ್ಮಲಮ್ಮ ಪಾತ್ರೆ ಮುಂದೆ ಹಿಡಿದರು. ಮೆಟ್ಟಿಲ ಕಡೆಯಿಂದ ಶುರುಮಾಡಿ, ಅವನು ಬಂದಿದ್ದ ದಾರಿಯುದ್ದಕ್ಕೂ, ಒಂದೊಂದೇ ಸೌಟು ಹಸಿ ಹಿಟ್ಟು ಬಿಡುತ್ತಾ ಆಕೆ ಅವನ ಕಾಲಿನ ತನಕ ಹೋದರು.

ನಾನು ಇಳಿಯುವಾಗ ತಿರುಗಿ ನೋಡಿದೆ. ನೆತ್ತಿಯ ಮೇಲೆ ಬಿಸಿಲು, ಕೆಳಗೆ ಕಾದ ನೆಲ. ಜಂಬಯ್ಯ ಒಂದು ಕಾಲು ಬಿಟ್ಟು ಒಂದು ಕಾಲಲ್ಲಿ ನಿಲ್ಲುತ್ತಾ ಸುತ್ತಲೂ ನೋಡುತ್ತಿದ್ದ. ಕಾಲಿಡಲು ಎಲ್ಲೂ ಜಾಗವಿರಲಿಲ್ಲ.