ಸಿಗಾರಿಗೊಂದು ಜೊತೆ

ಕರಿಬಸವರಾಜ ವಕೀಲರು ಸಿಗಾರು ಹಚ್ಚುವ ಮೊದಲು ಎರಡು ಕೆಲಸ ತಪ್ಪದೆ ಮಾಡುತ್ತಿದ್ದರು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಎದೆಯ ಮೇಲಿಂದ ಬೆನ್ನಿಗೆ ಸರಿಸುತ್ತಿದ್ದರು. ಒಳಗಿರುವ ಇಷ್ಟಲಿಂಗಕ್ಕೆ ಹೊಗೆ ತಾಕಬಾರದಲ್ಲ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಕುಡಿಯಾಕೆ ಏನೈತೆ?" ಎಂದು ಕೇಳುತ್ತಿದ್ದರು.

ಮೊದಲನೆಯದನ್ನು ಕಂಡರೆ ಅವರ ಹೆಂಡತಿ ಅನ್ನಪೂರ್ಣಮ್ಮನಿಗೆ ನಗು. "ಬೆನ್ನಿಗೆ ಹಾಕ್ಕಂಡ್ರೆ ಶಿವಗೆ ವಾಸನಿ ಬರಲ್ಲೇನ್ರಿ?"

"ಬರ್ತೈತೆ. ಆದ್ರೆ ಕಣ್ಣಾರೆ ನೋಡಿಲ್ವಲ್ಲ. ನೋಡದೇ ಇದ್ದೋರ ಸಾಕ್ಷಿ ನಡೆಯಲ್ಲ."

ಎರಡನೆಯದು ಮಾತ್ರ ನಗುವ ವಿಷಯವಾಗಿರಲಿಲ್ಲ. ಪುಣೆಯಲ್ಲಿ ಕಾನೂನು ಓದುವಾಗ ಕರಿಬಸವರಾಜರಿಗೂ ಗೆಳೆಯ ವಾಮದೇವಪ್ಪನವರಿಗೂ ಸಿಗಾರಿನ ರುಚಿ ಹತ್ತಿಸಿದವರು ಅವರಿದ್ದ ಮನೆಯ ಯಜಮಾನ, ಒಬ್ಬ ಪಾರ್ಸಿ ಮುದುಕ. ಸಿಗಾರನ್ನು ಒಂಟಿಯಾಗಿ ಸೇದಬಾರದು, ಪಕ್ಕದಲ್ಲಿ ಅದಕ್ಕೊಪ್ಪುವ ಪಾನೀಯವೊಂದು ಇರಲೇಬೇಕು, ಖಡಕ್ಕಿಗೆ ಖಡಕ್ಕು, ಮೆತ್ತಗಿನದಕ್ಕೆ ಮೆತ್ತಗಿನದು ಎಂದು ಆತ ಪಾಠ ಹೇಳಿದ್ದ. ಆತನ ಪಕ್ಕದಲ್ಲಿ ಬ್ರಾಂದಿ ಇರುತ್ತಿತ್ತು. ದಾವಣಗೆರೆಯಲ್ಲಿ ಆಗ ಪಾನನಿರೋಧ. ಅದು ಇಲ್ಲದಿದ್ದರೂ ಪಿ.ಜೆ. ಬಡಾವಣೆಯ ವಕೀಲರ ಮನೆಯ ಹೊಸ್ತಿಲನ್ನು ಬಾಟಲಿ ದಾಟುವಂತಿರಲಿಲ್ಲ. ಹಾಗಾಗಿ ಜೊತೆ ಹುಡುಕುವ ಭಾರವೆಲ್ಲ ಅನ್ನಪೂರ್ಣಮ್ಮನ ಒಲೆಯ ಮೇಲೆ ಬಿದ್ದಿತ್ತು.

ಪ್ರತಿ ಶನಿವಾರ ಸಂಜೆ ಹರಿಹರದಿಂದ ವಾಮದೇವಪ್ಪ ರೈಲಿನಲ್ಲಿ ಬರುತ್ತಿದ್ದರು. ಅಲ್ಲಿ ಅವರದೊಂದು ಅಕ್ಕಿ ಗಿರಣಿ. ಜೊತೆಗೆ ಹೆಂಡತಿ ಕಸ್ತೂರಮ್ಮ. ಗಂಡಸರು ಮುಂದಿನ ವರಾಂಡದಲ್ಲಿ ಕೂತು, ಬಜಾರದ ನಬೀ ಸಾಬ್ ದಿಂಡಿಗಲ್ಲಿನಿಂದ ತರಿಸಿಕೊಡುತ್ತಿದ್ದ ಸಿಗಾರುಗಳನ್ನು ಮೂಸಿ, ಒತ್ತಿ ನೋಡಿ, ತುದಿ ಕತ್ತರಿಸಿ, ಯಾವುದೋ ವ್ರತದವರ ಹಾಗೆ ನಿಧಾನವಾಗಿ ಹಚ್ಚುತ್ತಿದ್ದರು. ಹೆಂಗಸರು ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ವಾರದ ಮಾತನ್ನೆಲ್ಲ ಆಡಿ ಮುಗಿಸುತ್ತಿದ್ದರು. ಅನ್ನಪೂರ್ಣಮ್ಮನಿಗೆ ಅಕ್ಕತಂಗಿಯರಿರಲಿಲ್ಲ. ಕಸ್ತೂರಮ್ಮ ಬಂದಾಗ ಈಳಿಗೆಮಣೆ ಎಳೆದುಕೊಂಡು ಹೇಳಿಸಿಕೊಳ್ಳದೆಯೇ ತರಕಾರಿ ಹೆಚ್ಚಲು ಕೂರುತ್ತಿದ್ದುದು, ಹೊರಡುವಾಗ ಒಲೆಯ ಸುತ್ತ ಒರೆಸಿಟ್ಟು ಹೋಗುತ್ತಿದ್ದುದು, ಇವೆಲ್ಲ ಅವಳಿಗೆ ವಾರವಿಡೀ ನೆನಪಿರುತ್ತಿದ್ದವು.

ಆ ಶನಿವಾರಗಳು ಒಂದು ಲೋಟ ಕಾಫಿಯ ದೆಸೆಯಿಂದ ನಿಂತುಹೋದವು.

ಬೇಸಿಗೆಯ ಆರಂಭದಲ್ಲಿ ಒಂದು ಸಂಜೆ ವಾಮದೇವಪ್ಪ ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟು, "ಕರಿಬಸಣ್ಣ, ತಪ್ಪು ತಿಳೀಬ್ಯಾಡ. ಈ ಕಾಫಿ ಸಿಗಾರನ್ನ ಕೊಂದ್ಹಾಕ್ತು," ಎಂದರು.

ಹೆಂಡತಿಯ ಕಾಫಿಯಲ್ಲಿ ದಿನಾ ಬೆಳಿಗ್ಗೆ ತಾವೇ ಕೊಂಕು ತೆಗೆಯುತ್ತಿದ್ದ ವಕೀಲರಿಗೆ ಬೇರೆಯವರು ಕೊಂಕು ತೆಗೆದದ್ದನ್ನು ಸಹಿಸಲಾಗಲಿಲ್ಲ. "ನಮ್ಮನಿ ಕಾಫಿ ಸರಿ ಇಲ್ಲ ಅಂದ್ರೆ ಸರಿ ಇರೋ ಕಡೆ ಹೋಗಿ ಕುಡೀಬೋದು," ಎಂದರು.

ವಾಮದೇವಪ್ಪ ಟೋಪಿ ತೆಗೆದುಕೊಂಡರು. ಕಸ್ತೂರಮ್ಮ ಅರ್ಧ ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕಿ, ಅನ್ನಪೂರ್ಣಮ್ಮನ ಕೈಯನ್ನೊಮ್ಮೆ ಒತ್ತಿ, ಗಂಡನ ಹಿಂದೆ ಹೋದಳು.

ಅದಾಗಿ ಬಹಳ ಶನಿವಾರಗಳು ಹಾಗೆಯೇ ಕಳೆದವು. ವಕೀಲರು ವರಾಂಡದಲ್ಲಿ ಒಬ್ಬರೇ ಕೂತು ಸಿಗಾರು ಹಚ್ಚುವರು. ಮಾತಾಡುವವರಿಲ್ಲದೆ ಬೇಗಬೇಗ ಸೇದುವರು. ಅದು ಕಾವು ಹೆಚ್ಚಿ ಕಹಿಯಾಗುವುದು. ಅರ್ಧಕ್ಕೇ ಬಿಟ್ಟು ಎದ್ದು ಬಂದು, ಸಾರಿಗೆ ಹುಣಸೆಹಣ್ಣು ಹೆಚ್ಚಾಯಿತೆಂದು ಅಡುಗೆಮನೆಯಲ್ಲಿ ವಿಚಾರಣೆ ನಡೆಸುವರು.

"ಬೇಕಾದ್ರೆ ಹರಿಹರಕ್ಕೆ ಹೋಗಿ ಬರ್ರಿ," ಎಂದಳು ಅನ್ನಪೂರ್ಣಮ್ಮ.

"ನಿನ್ನ ಪರವಾಗಿ ಜಗಳ ಮಾಡೀನಿ. ನೀನೇ ಹೋಗು ಅಂತೀಯಲ್ಲ."

"ನಾನು ನಿಮಗೆ ವಕಾಲತ್ತು ಕೊಟ್ಟಿರಲಿಲ್ಲ."

ವಕೀಲರು ಪತ್ರಿಕೆ ಬಿಡಿಸಿ ಅದರ ಹಿಂದೆ ಮರೆಯಾದರು.

ಆಗ ಅನ್ನಪೂರ್ಣಮ್ಮನಿಗೆ ಮನೆಯಲ್ಲಿದ್ದ ಫ್ಲಾಸ್ಕು ನೆನಪಾಯಿತು. ಆ ಕಡೆಯ ಯಾವ ಮನೆಯಲ್ಲೂ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಪಾಯಸ ಬಂದ ಬಟ್ಟಲಿಗೆ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಮಾತು ಬಿಟ್ಟವರೂ ಈ ರೀತಿಯನ್ನು ಬಿಡುವುದಿಲ್ಲ. ಅವಳು ಬಾದಾಮಿ ಹಾಲು ಕಾಯಿಸಿ ಫ್ಲಾಸ್ಕಿಗೆ ತುಂಬಿದಳು. ಸಿಗಾರು ಒಣಗದಿರಲೆಂದು ನೀರಿನ ಹರವಿಯ ಪಕ್ಕದಲ್ಲಿಟ್ಟಿದ್ದ ಮರದ ಪೆಟ್ಟಿಗೆಯಿಂದ ಒಂದನ್ನು ತೆಗೆದು ಬಾಳೆಲೆಯಲ್ಲಿ ಸುತ್ತಿದಳು. ಎರಡನ್ನೂ ವಕೀಲರ ಗುಮಾಸ್ತ ಗಿಡ್ಡಪ್ಪನ ಕೈಗೆ ಕೊಟ್ಟಳು. ಗಿಡ್ಡಪ್ಪನ ಮನೆ ಹರಿಹರದಲ್ಲಿ. ದಿನಾ ರೈಲಿನಲ್ಲಿ ಓಡಾಡುವವನು.

"ಯಾರು ಕಳಿಸ್ಯಾರೆ ಅಂತ ಹೇಳ್ಲಿ ಅಮ್ಮಾರೆ?"

"ಫ್ಲಾಸ್ಕು ಕಳಿಸೈತೆ ಅನ್ನು."

ಮರುದಿನ ಫ್ಲಾಸ್ಕು ತುಂಬಿಕೊಂಡು ಬಂತು. ವಕೀಲರು ಮುಚ್ಚಳ ತೆಗೆದು ಮೂಸಿದರು. "ಎಲ್ಲಿಂದ ಬಂತಿದು?"

"ಹರಿಹರದಿಂದ. ಸೋಂಪಿನ ಶರಬತ್ತು."

"ನನಗೆ ಬ್ಯಾಡ."

ಸಂಜೆ ಅವಳು ದೀಪ ಹಚ್ಚಿ ಹೊರಗೆ ಬಂದಾಗ ಕರಡಿಗೆ ಬೆನ್ನ ಮೇಲಿತ್ತು, ಸಿಗಾರು ಉರಿಯುತ್ತಿತ್ತು, ಫ್ಲಾಸ್ಕಿನಲ್ಲಿ ತಳ ಕಾಣುತ್ತಿತ್ತು. "ಬಾಣಂತಿಗೆ ಕೊಡೋದನ್ನ ಕಳಿಸ್ಯಾನೆ," ಎಂದರು ವಕೀಲರು. "ಸಿಗಾರಿನ ಮುಂದೆ ಇದು ಬಾಯಿ ಸತ್ತ ಸೊಸಿ ಇದ್ದಂಗೈತೆ. ನಾಳೆ ನಿಂಬೆಹಣ್ಣಿನ ಪಾನಕ ಮಾಡು, ತೋರಿಸ್ತೀನಿ."

ಹೀಗೆ ಇಬ್ಬರು ಗಂಡಸರು ಮಾತಿಲ್ಲದೆಯೇ ಜಗಳ ಮುಂದುವರಿಸಿದರು. ಪಾನಕ ಹೋಯಿತು. ಏಲಕ್ಕಿ ಹಾಕಿದ ರಾಗಿ ಅಂಬಲಿ ಬಂತು. ಒಗ್ಗರಣೆ ಮಜ್ಜಿಗೆ ಹೋಯಿತು. ಸೋಡಾ ಬಂತು, ಬರುವಷ್ಟರಲ್ಲಿ ಗ್ಯಾಸೆಲ್ಲ ಇಳಿದು ಬರೀ ಉಪ್ಪುನೀರಾಗಿತ್ತು.

"ವಾಮದೇವಪ್ಪ ಏನಂದ್ರು?" ಎಂದು ವಕೀಲರು ಕೇಸಿನ ಕಟ್ಟು ಬಿಚ್ಚುತ್ತ, ಕೇಳಿಯೂ ಕೇಳದವರಂತೆ ಕೇಳುತ್ತಿದ್ದರು.

"ಏನೂ ಅನ್ಲಿಲ್ರಿ," ಎನ್ನುತ್ತಿದ್ದ ಗಿಡ್ಡಪ್ಪ. "ಪಾನಕ ಕುಡುದ್ರು, ಒಂದು ದಮ್ಮು ಎಳುದ್ರು, ಮುಖ ಹಿಂಗ್ ಮಾಡಿದ್ರು." ಆ ಮುಖವನ್ನು ಅವನು ಮಾಡಿ ತೋರಿಸುತ್ತಿದ್ದ. "ಬಾಯಾಗೆ ಬೀಗದ ಕೈ ಇಟ್ಕಂಡಂಗಾತು ಅಂತ ಅಮ್ಮಾರ ಹತ್ರ ಹೇಳ್ತಿದ್ರು. ಮಜ್ಜಿಗಿಗೆ ಏನಂದ್ರು ಅನ್ನೋದು ಆಫೀಸ್ನಾಗೆ ಹೇಳೋ ಮಾತಲ್ರಿ."

ಅದನ್ನು ಕೇಳಿದ ವಕೀಲರು ನಾಳೆ ಬೇವಿನ ಕಷಾಯ ಕಳಿಸಬೇಕೆಂದು ಅಪ್ಪಣೆ ಮಾಡಿದರು.

ಅನ್ನಪೂರ್ಣಮ್ಮ ಸೌಟು ಹಿಡಿದು ನಿಂತೇ ಯೋಚಿಸಿದಳು. ಕಷಾಯ ಹೋದರೆ ಅಲ್ಲಿಂದ ಇನ್ನೇನೋ ಬರುತ್ತದೆ. ಜಗಳ ಆಡುತ್ತ ಆಡುತ್ತ ಮತ್ತೆ ಒಂದಾದಾರು ಎಂದುಕೊಂಡರೆ ಇದು ನಂಜಿಗೆ ತಿರುಗುತ್ತಿದೆ. ಕಸ್ತೂರಮ್ಮ ಇನ್ನೊಂದು ವರ್ಷ ಈ ಅಡುಗೆಮನೆಗೆ ಬರುವ ಹಾಗಿಲ್ಲ. ಸಿಗಾರು ಸೇದುವವರು ಹುಡುಕಿದ್ದು ಸಾಕು. ಜೊತೆಯನ್ನು ತಾನೇ ಹುಡುಕಬೇಕು. ಹುಡುಕಬೇಕಾದರೆ ಸಿಗಾರಿನ ರುಚಿ ಗೊತ್ತಿರಬೇಕು.

ವಕೀಲರು ಕೋರ್ಟಿಗೆ ಹೋದ ಮೇಲೆ ಅವಳು ಹಿತ್ತಲ ಬಚ್ಚಲುಮನೆಯ ಬಾಗಿಲು ಹಾಕಿಕೊಂಡಳು. ಮಹಾರಾಣಿ ಕಾಲೇಜಿನಲ್ಲಿ ಬಿ.ಎ. ಮಾಡಿದ, ಅಕ್ಕಮಹಾದೇವಿ ಸಮಾಜದ ಕಾರ್ಯದರ್ಶಿಯಾಗಿದ್ದ ಹೆಣ್ಣುಮಗಳು ನೀರೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕೊಳ್ಳಿಯಿಂದ ಸಿಗಾರು ಹಚ್ಚಿದಳು. ಹಚ್ಚುವ ಮೊದಲು ಅವಳ ಕೈ ತಾನಾಗಿಯೇ ಕೊರಳಿಗೆ ಹೋಗಿ ಕರಡಿಗೆಯನ್ನು ಬೆನ್ನಿಗೆ ಸರಿಸಿತ್ತು. ಸರಿಸಿದ ಮೇಲೆ ಗೊತ್ತಾಗಿ ಅವಳಿಗೆ ನಗು ಬಂತು, ನಗುವಿನ ಜೊತೆ ಹೊಗೆ ಒಳಗೆ ಹೋಗಿ ಕೆಮ್ಮು ಬಂತು. ಕೆಮ್ಮಿ ಕಣ್ಣೊರೆಸಿಕೊಂಡ ಮೇಲೆ, ಗಂಡಸರು ಮಾಡುವ ಹಾಗೆ ಹೊಗೆಯನ್ನು ಬಾಯಲ್ಲೇ ಇಟ್ಟುಕೊಂಡು ಬಿಟ್ಟಳು. ಮೊದಲು ಕಾಳುಮೆಣಸಿನ ಚುರುಕು. ಆಮೇಲೆ ಹುರಿದ ಕಡಲೆಯ ಹೊಟ್ಟಿನ ವಾಸನೆ. ಕೊನೆಗೆ ನಾಲಿಗೆಯ ಬುಡದಲ್ಲಿ ಸಣ್ಣ ಕಹಿ. ಪಕ್ಕದಲ್ಲಿ ಲೋಟಗಳನ್ನು ಸಾಲಾಗಿ ಇಟ್ಟುಕೊಂಡಿದ್ದಳು. ಹಾಲು ಹಾಕಿದ ಕಾಫಿ ಕುಡಿದು ಸೇದಿದರೆ ಕಂಬಳಿ ಹೊದ್ದ ನಾಲಿಗೆಗೆ ಏನೂ ತಿಳಿಯಲಿಲ್ಲ. ವಾಮದೇವಣ್ಣ ಹೇಳಿದ್ದು ನಿಜ ಎಂದುಕೊಂಡಳು. ಕೊಂದದ್ದು ಕಾಫಿಯಲ್ಲ, ಹಾಲು. ಬರೀ ಡಿಕಾಕ್ಷನ್ನು ಸಿಗಾರಿನ ಕಹಿಗೆ ಕಹಿ ಕೂಡಿಸಿತು. ಅದಕ್ಕೆ ಬೆಲ್ಲ ಕರಗಿಸಿ, ಚೂರು ಒಣಶುಂಠಿ ಜಜ್ಜಿ ಹಾಕಿದಳು. ಒಂದು ಗುಟುಕು, ಒಂದು ದಮ್ಮು. ಬೆಲ್ಲ ಕಹಿಯನ್ನು ಹಿಂದಕ್ಕೆ ತಳ್ಳಿತು. ಶುಂಠಿಯೂ ಮೆಣಸಿನ ಚುರುಕೂ ಹಳೆಯ ಪರಿಚಯದವರ ಹಾಗೆ ಒಂದನ್ನೊಂದು ಮಾತಾಡಿಸಿದವು.

ಎರಡನೆಯ ಗುಟುಕು ಪರೀಕ್ಷೆಗೇನೂ ಬೇಕಿರಲಿಲ್ಲ. ಕುಡಿದಳು.

ಅಂದು ಸಂಜೆ ಫ್ಲಾಸ್ಕಿನಲ್ಲಿ ಹೋದದ್ದು ಬೇವಿನ ಕಷಾಯವೆಂದೇ ವಕೀಲರು ತಿಳಿದಿದ್ದರು.

ಮರುದಿನ ಗಿಡ್ಡಪ್ಪ ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ವರಾಂಡದ ಕಟಾಂಜನದ ಹತ್ತಿರ ಹೋಗಿ ನಿಂತ. ವಕೀಲರು ಎತ್ತಿದರು. ಹಗುರವಾಗಿತ್ತು. ಮುಚ್ಚಳ ತೆಗೆದು ಬಗ್ಗಿಸಿದರು. ತೊಳೆದು ಒಣಗಿಸಿದ ಫ್ಲಾಸ್ಕು. ಒಳಗೆ ಒಂದು ಹರಳು ಸಕ್ಕರೆಯೂ ಇರಲಿಲ್ಲ.

ಬಾಗಿಲಲ್ಲಿದ್ದ ಅನ್ನಪೂರ್ಣಮ್ಮ ಮುಂದೆ ಬಂದು ಒಳಗೆ ಇಣುಕಿದಳು. ಬರಿದಾದ ಪಾತ್ರೆ ಎಂದರೆ ಇನ್ನು ಕೊಟ್ಟು ತರುವ ವ್ಯವಹಾರ ಬೇಡ ಎಂದೇ ಅರ್ಥ.

"ನೋಡಿದ್ಯಾ ಅವನ ಸೊಕ್ಕು," ಎಂದರು ವಕೀಲರು. ಕೋಟು ಹಾಕಿಕೊಂಡರು, ತೆಗೆದರು. ವರಾಂಡಕ್ಕೆ ಹೋಗಿ ಬಂದರು. "ಅವರ ಮನ್ಯಾಗೆ ಹಿಂಗೆ ಯಾವತ್ತೂ ಇಲ್ಲ. ಅವರವ್ವ ಇದ್ದಾಗ ನಾವು ಮಜ್ಜಿಗಿ ಕುಡಿದ ಚೊಂಬಿಗೂ ಶೇಂಗಾ ಹಾಕಿ ಕೊಟ್ಟಾಕಿ." ಮತ್ತೆ ಫ್ಲಾಸ್ಕಿನೊಳಗೆ ನೋಡಿದರು. ದನಿ ಬದಲಾಗಿತ್ತು. "ಗಿಡ್ಡಪ್ಪ, ವಾಮದೇವ ಹುಷಾರದಾನೇನು?"

"ನಾ ನೋಡ್ಲಿಲ್ರಿ. ಬಾಗಿಲಾಗೆ ಆಳು ಕೊಟ್ಟ."

"ನೋಡ್ಲಿಲ್ಲ ಅಂತಾನೆ. ಕಷಾಯ ಕುಡಿದು ಏನಾದ್ರೂ ಆಗೈತೋ ಏನೋ." ಹೆಂಡತಿಯ ಕಡೆ ನೋಡದೆ ಹೇಳಿದರು. "ಸೀರೆ ಬದಲಾಯಿಸ್ಕ. ಹನ್ನೊಂದರ ಗಾಡಿ ಐತೆ."

ಕಷಾಯ ಕಳಿಸಿರಲಿಲ್ಲ ಎಂದು ಅವಳು ಆಗಲೇ ಹೇಳಬಹುದಿತ್ತು. ರೈಲಿನಲ್ಲಿ ಕೂತ ಮೇಲೆ ಹೇಳಿದರಾಯಿತು ಎಂದುಕೊಂಡಳು. ಸ್ಟೇಷನ್ನಿನಲ್ಲಿ ವಕೀಲರು ಕಿತ್ತಳೆಹಣ್ಣು ಕೊಂಡರು, ಕಾಯಿಲೆಯವರಿಗೆ ಕೊಂಡಂತೆ ಒಂದೊಂದನ್ನೇ ಒತ್ತಿ ನೋಡಿ. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ಅದನ್ನು ನೋಡುತ್ತ ಅವಳಿಗೆ ಹೇಳಲು ಮನಸ್ಸೇ ಬರಲಿಲ್ಲ.

ಹರಿಹರದ ಮನೆಯ ಜಗಲಿಯ ಮೇಲೆ ವಾಮದೇವಪ್ಪ ಗುಂಡುಕಲ್ಲಿನ ಹಾಗೆ ಕೂತಿದ್ದರು. ಗೆಳೆಯನನ್ನು ಕಂಡು ಎದ್ದರು, ಮತ್ತೆ ಕೂತರು, ಮತ್ತೆ ಎದ್ದರು.

"ಬರ್ರಿ, ಕೂಡ್ರಿ ವಕೀಲ್ರೆ. ಹಣ್ಣು ಯಾರಿಗೆ?"

"ಯಾರಿಗೂ ಅಲ್ಲ," ಎಂದರು ವಕೀಲರು. "ಸ್ಟೇಷನ್ನಾಗೆ ಸಸ್ತಾ ಇದ್ವು."

"ನನಗೆ ಹುಷಾರಿಲ್ಲ ಅಂತ ಯಾರಾದ್ರೂ ಹೇಳಿದ್ರಾ?"

"ಫ್ಲಾಸ್ಕು ಹೇಳ್ತು. ಬರೀ ಫ್ಲಾಸ್ಕು ಕಳಿಸೀಯಲ್ಲ, ಅದೇನು ನಿಮ್ಮ ಮನಿ ರೀತೀನಾ?"

ವಾಮದೇವಪ್ಪ ಮೀಸೆ ಸವರಿಕೊಂಡರು. ಬಾಗಿಲಲ್ಲಿ ನಿಂತ ಕಸ್ತೂರಮ್ಮ, "ಒಂದು ಚಮಚ ಸಕ್ಕರೆ ಹಾಕ್ತೀನಿ ಅಂದೆ, ಬಿಡ್ಲಿಲ್ಲ. ಈಗ ಹೇಳ್ರಿ ಯಾಕ ಅಂತ," ಎಂದಳು.

"ಏನಂತ ತುಂಬ್ಲಿ?" ಎಂದರು ವಾಮದೇವಪ್ಪ ಕೊನೆಗೆ, ಜಗಲಿಯ ಕಂಬಕ್ಕೆ ಹೇಳುವವರಂತೆ. "ಆ ಬೆಲ್ಲದ ಕಾಫಿ ಕುಡಿದೆ, ಸಿಗಾರು ಸೇದಿದೆ. ಬೆರಳು ಸುಡೋ ತನಕ ಬಿಡ್ಲಿಲ್ಲ. ಅದಕ್ಕೆ ಸಮ ಅಂತ ಕಳಿಸೋದು ನಮ್ಮನ್ಯಾಗೆ ಏನೂ ಸಿಗ್ಲಿಲ್ಲ. ಸಕ್ಕರೆ ಹಾಕಿದ್ರೆ ಇನ್ನೂ ಆಟದಾಗೆ ಅದೀನಿ ಅಂದಂಗೆ. ಸೋತೆ ಅಂತ ಬಾಯಿಬಿಟ್ಟು ಹೇಳಾಕೆ ನನಗೂ ನಾಚಿಕಿ ಐತಪ್ಪ."

ವಕೀಲರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. "ಬೆಲ್ಲದ ಕಾಫಿ?"

"ಬೇವು ಸಿಗ್ಲಿಲ್ರಿ," ಎಂದಳು ಅನ್ನಪೂರ್ಣಮ್ಮ. ಅವರ ಹಿತ್ತಲಲ್ಲೇ ಬೇವಿನ ಮರವಿತ್ತು.

ವಕೀಲರು ಗೆಳೆಯನ ಪಕ್ಕದಲ್ಲಿ ಕೂತರು. ಜೇಬಿನಿಂದ ಎರಡು ಸಿಗಾರು ಹೊರಬಂದವು. ಕಾಯಿಲೆಯವರನ್ನು ನೋಡಲು ಹೊರಟವರು ಅವನ್ನೇಕೆ ತಂದಿದ್ದರೆಂದು ಯಾರೂ ಕೇಳಲಿಲ್ಲ. ಇಬ್ಬರ ಕರಡಿಗೆಗಳೂ ಬೆನ್ನಿಗೆ ಹೋದವು.

"ಆದ್ರೂ ತಂಗ್ಯವ್ವ," ಎಂದರು ವಾಮದೇವಪ್ಪ, "ಹಾಲು ತೆಗೆದು ಶುಂಠಿ ಹಾಕಬೇಕು ಅಂತ ನಿನಗೆ ಹೆಂಗೆ ಹೊಳೀತು? ಸೇದೋರಿಗೇ ಹೊಳೀಲಿಲ್ಲ."

ಅನ್ನಪೂರ್ಣಮ್ಮನ ಮುಖ ಕೆಂಪಾಯಿತು.

"ಅಡಿಗಿ ಮಾಡೋರಿಗೆ ಅದೆಲ್ಲ ವಾಸನ್ಯಾಗೇ ತಿಳಿತೈತೆ," ಎಂದಳು ಕಸ್ತೂರಮ್ಮ ತಕ್ಷಣ. ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ, ಡಬ್ಬಿಯ ಮುಚ್ಚಳ ತೆಗೆಯುತ್ತ, ತಿರುಗಿ ನೋಡದೆ ಕೇಳಿದಳು: "ಒಳಗೆ ಎಳಕಂಡ್ಯೋ, ಬಾಯಾಗೇ ಇಟ್ಕಂಡ್ಯೋ?"

ಅನ್ನಪೂರ್ಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಮೊದಲು ಒಳಗೆ ಹೋತಕ್ಕ. ಆಮೇಲೆ ಬಾಯಾಗೆ ಇಟ್ಕಂಡೆ. ನಿನಗೆ ಹೆಂಗೆ ಗೊತ್ತಾತು?"

"ಆ ಅಂಬಲಿಗೆ ಏಲಕ್ಕಿ ಹಾಕಬೇಕು ಅಂತ ನನಗೆ ಹೆಂಗೆ ಗೊತ್ತಾತು ಅಂದ್ಕಂಡಿ? ಗಿರಣಿ ಹಿಂದ್ಲ ಕೋಣ್ಯಾಗೆ ಕೆಮ್ಮಿ ಕೆಮ್ಮಿ ಸಾಯೋದೊಂದು ಬಾಕಿ."

ಇಬ್ಬರೂ ಸದ್ದಾಗದಂತೆ ನಗಲು ಹೋಗಿ ಸದ್ದು ಮಾಡಿದರು. ಹೊರಗೆ ಜಗಲಿಯ ಮೇಲೆ, ಚಳಿಗಾಲಕ್ಕೆ ಒಣಶುಂಠಿ ಸರಿ, ಬೇಸಿಗೆಗೆ ಲವಂಗ ಆಗಬೇಕು ಎಂದು ಒಬ್ಬರೂ, ಲವಂಗ ಹಾಕಿದರೆ ಹಲ್ಲುನೋವಿನ ಔಷಧಿಯಾಗುತ್ತದೆ ಎಂದು ಇನ್ನೊಬ್ಬರೂ ಆಗಲೇ ಶುರುವಿಟ್ಟುಕೊಂಡಿದ್ದರು. ಮಾತಾಡುತ್ತ ಸೇದುತ್ತಿದ್ದುದರಿಂದ ಸಿಗಾರುಗಳು ತಣ್ಣಗೆ, ನಿಧಾನವಾಗಿ ಉರಿಯುತ್ತಿದ್ದವು. ಹೊಗೆ ಕಿಟಕಿಯಿಂದ ತೇಲಿ ಬಂದಾಗ ಕಸ್ತೂರಮ್ಮ ಮೂಗು ಮುಚ್ಚಿಕೊಳ್ಳಲಿಲ್ಲ. ಕಿಟಕಿಯನ್ನು ಇನ್ನಷ್ಟು ತೆರೆದಿಟ್ಟು ಕಿತ್ತಳೆ ಸುಲಿಯಲು ಕೂತಳು. ಬಿಳಿಯ ನಾರನ್ನೆಲ್ಲ ತೆಗೆದ ತೊಳೆಗಳನ್ನು ಒಂದೊಂದಾಗಿ ಅನ್ನಪೂರ್ಣಮ್ಮನ ಅಂಗೈಗೆ ಹಾಕುತ್ತಿದ್ದಳು.

ಹೊತ್ತು ಇಳಿದ ಮೇಲೆ ಜಗಲಿಯಿಂದ ವಕೀಲರ ದನಿ ಬಂತು. "ಕೇಳ್ತೇನು? ಗಾಡಿ ಹೊತ್ತಾತು."

ಅನ್ನಪೂರ್ಣಮ್ಮ ಮಣೆಯಿಂದ ಏಳಲಿಲ್ಲ.

"ಮುಂದಿನ ಗಾಡಿಗೆ ಹೋದ್ರಾತು ಕೂಡ್ರಿ," ಎಂದು ಒಳಗಿನಿಂದಲೇ ಕೂಗಿ ಹೇಳಿ, ಅರ್ಧಕ್ಕೆ ನಿಂತಿದ್ದ ಮಾತಿಗೆ ತಿರುಗಿದಳು.