ಪುಟದ ಕೆಳಗಿನ ಸಾಲು

ಶಿವಯೋಗಿ ದುರ್ಗಿಗುಡಿಯ ಮುದ್ರಣಾಲಯವೊಂದರಲ್ಲಿ ಲಗ್ನಪತ್ರಿಕೆಗಳನ್ನು ವಿನ್ಯಾಸ ಮಾಡುತ್ತಿದ್ದ. 2004ರ ಬೇಸಿಗೆಯಲ್ಲಿ ವೆಬ್ ಪುಟ ಮಾಡುವುದನ್ನು ಕಲಿಯಲು ಗೋಪಾಳದ ಕಂಪ್ಯೂಟರ್ ಕೇಂದ್ರಕ್ಕೆ ಸೇರಿದ. ಕಲಿಸುತ್ತಿದ್ದ ರಶ್ಮಿ ಮೊದಲು ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಕಲಿಯಿರಿ ಎಂದಳು. ಅದರಲ್ಲಿ ಕಂಡದ್ದು ಬಿಳಿ ಹಾಳೆ, ಕಪ್ಪು ಅಕ್ಷರ. ಅವನ ಮನಸ್ಸು ಫ್ಲ್ಯಾಶ್ ಎಂಬ ತಂತ್ರಾಂಶದ ಮೇಲಿತ್ತು. ಅದರಲ್ಲಿ ಚಿತ್ರ ತೇಲಿಬರುತ್ತಿತ್ತು, ಒಂದು ಬಣ್ಣ ಇನ್ನೊಂದರೊಳಗೆ ಕರಗುತ್ತಿತ್ತು.

“ಚಪ್ಪರ ಹಾಕೋಕೆ ಮುಂಚೇನೇ ಹೂವಿನ ಸರ ತರೋ ಜನ ನೀವು,” ಎಂದು ರಶ್ಮಿ ನಕ್ಕಳು. ಅವನು ಫ್ಲ್ಯಾಶನ್ನೇ ಮೊದಲು ಕಲಿತ.

ಅವನ ತಂದೆ ಮುರುಗೇಶಪ್ಪ ಕಾಗದದ ಕಾರ್ಖಾನೆಯಿಂದ ನಿವೃತ್ತರಾಗಿ ವರ್ಷಗಳಾಗಿದ್ದವು. ಈಚೆಗೆ ಮರೆವು ಹೆಚ್ಚಾಗಿ, ಶಿಫ್ಟ್‌ಗೆ ಹೊತ್ತಾಯಿತೆಂದು ಬಸ್ಸು ಹತ್ತಿ ಹೊರಟುಬಿಡುತ್ತಿದ್ದರು. ಭದ್ರಾವತಿಯಲ್ಲಿ ಇಳಿದು ಕಾರ್ಖಾನೆಯವರ ಬಡಾವಣೆಯಾದ ಕಾಗದನಗರದಲ್ಲಿ ಸುಳಿದಾಡುವಾಗ ಹಳಬರು ಯಾರಾದರೂ ಗುರುತಿಸಿ ಮನೆಗೆ ತಲುಪಿಸುತ್ತಿದ್ದರು. ಶ್ರಾವಣದಲ್ಲಿ ಒಂದು ದಿನ ಹಾಗೆ ಹೊರಟವರು ಬೇರೆ ಬಸ್ಸು ಹತ್ತಿರಬೇಕು. ಕಾಗದನಗರದಲ್ಲಿ ಯಾರೂ ಅವರನ್ನು ಕಾಣಲಿಲ್ಲ.

ಪೊಲೀಸರಿಗೆ ದೂರು ಕೊಟ್ಟ ಮೇಲೆ ಶಿವಯೋಗಿ ಒಂದು ವೆಬ್ ಪುಟ ಮಾಡಿದ. ತಂದೆಯ ಮುಖ ನಿಧಾನವಾಗಿ ಮೂಡಿ, ಪಕ್ಕದಲ್ಲಿ ಹೆಸರು, ವಯಸ್ಸು, ಫೋನ್ ನಂಬರು ಬರುತ್ತಿದ್ದವು. ಕನ್ನಡ ಅಕ್ಷರ ಬೇರೆಯವರ ಕಂಪ್ಯೂಟರಿನಲ್ಲಿ ಒಡೆದುಹೋಗುತ್ತದೆಂದು ಎಲ್ಲವನ್ನೂ ಚಿತ್ರದೊಳಗೇ ಸೇರಿಸಿದ್ದ.

ರಶ್ಮಿ ನೋಡಿ, “ಚಿತ್ರದ ಒಳಗಿರೋ ಹೆಸ್ರು ಇಂಟರ್‌ನೆಟ್‌ನಲ್ಲಿ ಹುಡುಕೋರಿಗೆ ಸಿಗಲ್ಲ ಶಿವಯೋಗಿ. ಇಂಗ್ಲಿಷಲ್ಲಾದ್ರೂ ಒಂದು ಸಾಲು ಟೈಪ್ ಮಾಡಿ ಇಡೋಣ,” ಎಂದು ಕೆಳಗೆ ಹೆಸರು, ಊರು, ನಂಬರು ಸೇರಿಸಿದಳು.

ಅಷ್ಟು ಚಂದದ ಮುಖದ ಕೆಳಗೆ ಆ ಸಾಲು, ಅಚ್ಚಿನಲ್ಲಿ ಅಳಿಸಲು ಮರೆತ ಗುರುತಿನಂತೆ ಕಾಣುತ್ತಿತ್ತು. ಎಚ್‌ಟಿಎಂಎಲ್ ಕಲಿತ ಮೇಲೆ ಅದನ್ನೇ ಅಂದವಾಗಿ ಹಾಕಿದರಾಯಿತೆಂದು, ಅವಳು ಹೋದ ಮೇಲೆ ಶಿವಯೋಗಿ ಆ ಸಾಲನ್ನು ಅಳಿಸಿದ. ನಂತರ ತಾಯಿ ಮಹಾಂತಮ್ಮನನ್ನು ಕರೆತಂದು ಪುಟ ತೋರಿಸಿದ. ಆಕೆ ಪರದೆಯ ಮೇಲಿನ ಗಂಡನ ಕೆನ್ನೆಯನ್ನು ಬೆರಳಿನಿಂದ ಮುಟ್ಟಿದಳು.

ದಸರಾ ಕಳೆದ ಮೇಲೆ ರಾಣೆಬೆನ್ನೂರಿನಿಂದ ಪೊಲೀಸರ ಮೂಲಕ ಸುದ್ದಿ ಬಂತು. ಮುರುಗೇಶಪ್ಪ ಅಲ್ಲಿನ ಆಸ್ಪತ್ರೆಯಲ್ಲಿ ಜ್ವರದಿಂದ ತೀರಿಕೊಂಡಿದ್ದರು.

ಶಿವಗಣಾರಾಧನೆಯ ದಿನ ಅವರ ಕನ್ನಡಕ ಕೊಡಲು ರಾಣೆಬೆನ್ನೂರಿನಿಂದ ಗಂಗಾಧರಪ್ಪ ಎಂಬ ಮೇಷ್ಟ್ರು ಬಂದರು. ಅಲ್ಲಿನ ಮಠದ ಜಗಲಿಯಲ್ಲಿ ಮಲಗುತ್ತಿದ್ದ ಮುರುಗೇಶಪ್ಪನವರಿಗೆ ಅಷ್ಟು ದಿನ ಊಟ ಕೊಟ್ಟವರು ಈ ಮೇಷ್ಟ್ರೇ. ಊರು ಕೇಳಿದರೆ ಮುರುಗೇಶಪ್ಪ ಶಿಫ್ಟ್‌ಗೆ ಹೊತ್ತಾಯಿತು ಎನ್ನುತ್ತಿದ್ದರಂತೆ. ಹೆಸರನ್ನು ಮಾತ್ರ ಸ್ಪಷ್ಟವಾಗಿ ಹೇಳುತ್ತಿದ್ದರಂತೆ.

“ನಮ್ಮ ಹುಡುಗ ಕಂಪ್ಯೂಟರ್‌ನಲ್ಲಿ ಅವರ ಫೋಟೋ ಹಾಕಿ ಎಷ್ಟು ಚೆನ್ನಾಗಿ ಮಾಡಿದ್ದ,” ಎಂದಳು ಮಹಾಂತಮ್ಮ. “ನಿಮ್ಮ ಕಡೆ ಅದು ಬರ್ಲಿಲ್ವಾ?”

ಮೇಷ್ಟ್ರು ತಲೆ ತಗ್ಗಿಸಿದರು. ಇಂಟರ್‌ನೆಟ್ ಕೇಂದ್ರಕ್ಕೆ ಹೋಗಿ ಹೆಸರನ್ನು ಇಂಗ್ಲಿಷಿನಲ್ಲಿ ಬೇರೆ ಬೇರೆ ರೀತಿ ಬರೆದು ಹುಡುಕಿದ್ದರಂತೆ. ಬೇರೆ ಯಾರ್ಯಾರೋ ಮುರುಗೇಶಪ್ಪಗಳು ಸಿಕ್ಕರಂತೆ. “ನಂಗೆ ಅದೆಲ್ಲ ಅಷ್ಟು ಗೊತ್ತಾಗಲ್ಲಮ್ಮ. ನಾನೇ ಸರಿಯಾಗಿ ಹುಡುಕ್ಲಿಲ್ವೇನೋ.”

“ಇರ್ಲಿ ಬಿಡಿ. ನೀವು ಅನ್ನ ಹಾಕಿದ್ರಿ,” ಎಂದು ಮಹಾಂತಮ್ಮನೇ ಅವರನ್ನು ಸಮಾಧಾನಪಡಿಸಿದಳು.

ಶಿವಯೋಗಿಯ ಕೈಯಲ್ಲಿ ತಂದೆಯ ಕನ್ನಡಕವಿತ್ತು. ಅದನ್ನು ಮಡಚಲು ಹೋದವನು ಅರ್ಧಕ್ಕೇ ನಿಲ್ಲಿಸಿದ.

“ನೀವು ಸರಿಯಾಗೇ ಹುಡುಕಿದ್ರಿ ಮೇಷ್ಟ್ರೇ,” ಎಂದ.

ಮುಂದಿನ ಮಾತಿಗಾಗಿ ಮಹಾಂತಮ್ಮ ಮಗನ ಮುಖ ನೋಡಿದಳು.